ಆರು ಕೂಗುಗುಂಡು, ಒಂದು ಇಸ್ತ್ರಿಪೆಟ್ಟಿಗೆ

ಇಸ್ತ್ರಿಪೆಟ್ಟಿಗೆ ಕಾಣೆಯಾದದ್ದು ಒಂದು ಸೋಮವಾರ ಬೆಳಿಗ್ಗೆ. ಹುಡುಕಿದವಳು ಅತ್ತೆ, ಸಿಕ್ಕಿಬಿದ್ದವಳು ಸೊಸೆ.

ಕಿರಿಮಗನಿಗೆ ಅಂದು ಹೊಸ ಕೆಲಸದ ಮೊದಲ ದಿನ. ಸಮುದ್ರದಲ್ಲಿ ಕಳೆದುಹೋದ ಬಲೆಗಳನ್ನು ಹುಡುಕಿ ಎತ್ತುವುದಕ್ಕೆಂದೇ ಮೀನುಗಾರರ ಸಂಘ ಒಂದು ದೋಣಿ ಇಳಿಸಿತ್ತು. ಅದರಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರುವ ಕೆಲಸ, ತಿಂಗಳ ಸಂಬಳ, ಎರಡು ನೀಲಿ ಅಂಗಿ. ಬಂದರಿನಲ್ಲಿ ಹೆಸರಿಡುವುದಕ್ಕೆ ಅರ್ಧ ದಿನ ಸಾಕು. ಸಂಜೆಯೊಳಗೆ ಅವನು ಎಲ್ಲರ ಬಾಯಲ್ಲಿ ‘ಕಿವಿ’ ಆಗಿದ್ದ. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನಿಗೆ ಇಷ್ಟು ದಕ್ಕಿತಲ್ಲ ಎಂದು ಅತ್ತೆಗೆ ನೆಲವೇ ಸಿಗುತ್ತಿರಲಿಲ್ಲ. ಅಂಥ ಅಂಗಿಯನ್ನು ಕರೆಂಟಿನ ಇಸ್ತ್ರಿಯಲ್ಲಿ ಒತ್ತುವುದೇ? ತನ್ನ ತಾಯಿ ಕೊಟ್ಟ ಹಿತ್ತಾಳೆ ಪೆಟ್ಟಿಗೆಯನ್ನು ತೆಗೆಯಲು ಅಟ್ಟದ ಕೆಳಗಿನ ಗೂಡಿಗೆ ಕೈ ಹಾಕಿದಳು. ಗೂಡಿನ ತುಂಬ ಧೂಳು. ನಡುವೆ ಪೆಟ್ಟಿಗೆಯ ತಳದ ಆಕಾರದಲ್ಲಿ ಮಾತ್ರ ಧೂಳಿಲ್ಲದ ಜಾಗ.

ಆ ಪೆಟ್ಟಿಗೆಯ ಕತೆ ಸೊಸೆಗೆ ಬಾಯಿಪಾಠವಾಗಿತ್ತು. ಮಾವ ಹಿಂದೊಮ್ಮೆ ದೋಣಿ ಕಳೆದುಕೊಂಡು ಎರಡು ವರ್ಷ ಗೋಡೆ ನೋಡುತ್ತ ಕೂತಾಗ, ಅತ್ತೆ ಊರವರ ಬಟ್ಟೆ ಒತ್ತಿ ಇಬ್ಬರು ಗಂಡುಮಕ್ಕಳ ಹೊಟ್ಟೆ ತುಂಬಿಸಿದ್ದು ಅದರಲ್ಲೇ. ಒಳಗೆ ಕೆಂಡ ತುಂಬುವಂಥದ್ದು, ಎರಡೂ ಕೈ ಬೇಕಾಗುವ ತೂಕ, ಮುಚ್ಚಳದ ಚಿಲಕಕ್ಕೆ ಹುಂಜದ ತಲೆ. ತಿಂಗಳಿಗೊಮ್ಮೆ ಅತ್ತೆ ಅದನ್ನು ನಿಂಬೆ ಸಿಪ್ಪೆಯಿಂದ ಉಜ್ಜಿ, ಆ ಹುಂಜದ ಮುಖವನ್ನು ಮಗುವಿನ ಮುಖದ ಹಾಗೆ ಒರೆಸುತ್ತಿದ್ದಳು.

“ಪೆಟ್ಟಿಗೆ ಎಲ್ಲೇ?”

“ಯಾವ ಪೆಟ್ಟಿಗೆ ಅತ್ತೆ?”

“ಯಾವ ಪೆಟ್ಟಿಗೆ ಅಂತೆ! ಈ ಮನೇಲಿ ಪೆಟ್ಟಿಗೆಗಳು ಸಾಲುಗಟ್ಟಿ ನಿಂತಿದಾವೆ ನೋಡು.”

“ನಾನು ಮುಟ್ಟಿಲ್ಲ ಅತ್ತೆ.”

“ಮುಟ್ಟದೆ ಹೋಯ್ತಾ? ಅದಕ್ಕೇನು ಕಾಲಿತ್ತಾ? ಕಾಲಿಲ್ಲದ ಹಿತ್ತಾಳೆ ಮನೆ ಬಿಟ್ಟು ಹೋಗಬೇಕಂದ್ರೆ ಗುಜರಿ ಕೈಯೇ ಬೇಕು.”

ಸೊಸೆಯ ಅಪ್ಪ ಗುಜರಿ ವ್ಯಾಪಾರಿ. ಮದುವೆಯಾಗಿ ಎರಡು ವರ್ಷವಾದರೂ ಆ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ; ಕೆಂಡದ ಹಾಗೆ ಬೂದಿ ಮುಚ್ಚಿಕೊಂಡು ಕೂತಿತ್ತು. ಈಗ ಗಾಳಿ ಸಿಕ್ಕಿತು.

ಮಧ್ಯಾಹ್ನ ಗಂಡಸರು ಊಟಕ್ಕೆ ಕೂತಾಗ ಅತ್ತೆ ತಟ್ಟೆಗಳನ್ನು ಇಡಲಿಲ್ಲ, ಕುಕ್ಕಿದಳು. “ನನ್ನ ತಾಯಿ ಪೆಟ್ಟಿಗೆ ಮಾಯ ಆಗಿದೆ. ಯಾರು ತಗೊಂಡ್ರು ಅಂತ ಈ ಮನೆ ಗೋಡೆಗೂ ಗೊತ್ತಿದೆ.”

“ಹಳೇ ಪೆಟ್ಟಿಗೆಗೆ ಯಾಕೆ ಇಷ್ಟು ರಂಪ? ಕರೆಂಟಿನದು ಇದೆಯಲ್ಲ,” ಎಂದ ಮಾವ, ತಲೆ ಎತ್ತದೆ.

“ಹಳೇದಾ? ಆ ಹಳೇದರ ಅನ್ನ ತಿಂದೇ ನೀವು ಗೋಡೆಗೆ ಒರಗಿ ಕೂತಿದ್ದು!”

ಮಾವ ಮತ್ತೆ ಮಾತಾಡಲಿಲ್ಲ. ಬಂದರಿನವರು ಅವನನ್ನು ಗುಟ್ಟಪ್ಪ ಎನ್ನುತ್ತಿದ್ದುದು ಸುಮ್ಮನೆ ಅಲ್ಲ; ಬಾಯಿಯೊಳಗೆ ಹೋದ ತುತ್ತು ಹೊರಗೆ ಬಂದರೂ ಬಂದೀತು, ಮಾತು ಬರುತ್ತಿರಲಿಲ್ಲ. ಸೊಸೆ ಗಂಡನ ಕಡೆ ನೋಡಿದಳು. ಒಂದು ಮಾತು ಆಡಲಿ, ‘ಅವಳು ಅಂಥವಳಲ್ಲ’ ಅನ್ನಲಿ, ಅಷ್ಟೇ. ಅವನು ಮುಳ್ಳಿಲ್ಲದ ಮೀನಿನಲ್ಲಿ ಮುಳ್ಳು ಹುಡುಕುತ್ತಿದ್ದ.

ವಾರ ಕಳೆಯುವುದರೊಳಗೆ ಮಾತು ಓಣಿ ದಾಟಿ, ಮೀನು ಮಾರುಕಟ್ಟೆ ದಾಟಿ, ಗುಜರಿ ಶೆಡ್ಡಿಗೆ ಮುಟ್ಟಿತು. ಶನಿವಾರ ಸೊಸೆಯ ಅಪ್ಪ ಬಂದ. ಸೈಕಲ್ಲಿಗೆ ಕಟ್ಟಿದ್ದ ಚೀಲ ಬಿಚ್ಚಿ ಹೆಗಲಿಗೇರಿಸಿ ಹೊಸಿಲ ಹತ್ತಿರ ನಿಂತ. ಒಳಗೆ ಬನ್ನಿ ಎಂದು ಯಾರೂ ಅನ್ನಲಿಲ್ಲ.

“ಬೀಗಿತ್ತಿಯವರೇ, ಈ ವಾರ ನಾನು ಕೊಂಡ ಹಿತ್ತಾಳೆ ಎಲ್ಲಾ ಇಲ್ಲಿದೆ. ನೋಡ್ಕೊಳಿ,” ಎಂದು ಚೀಲವನ್ನು ಹೊಸಿಲ ಮೇಲೇ ಸುರಿದ. ನಲ್ಲಿಗಳು, ತಿರುಪುಗಳು, ನಾಲಗೆಯಿಲ್ಲದ ಒಂದು ಗಂಟೆ, ತಳ ತೂತಾದ ಚೊಂಬು. ಅಕ್ಕಪಕ್ಕದ ಮನೆಗಳ ಬಾಗಿಲಲ್ಲಿ ತಲೆಗಳು ಮೂಡಿದವು.

“ಸುರಿದು ತೋರಿಸಿದ್ರೆ ಆಯ್ತಾ? ಕರಗಿಸಿದ್ದನ್ನ ಚೀಲದಲ್ಲಿ ತರ್ತಾರಾ?” ಎಂದಳು ಅತ್ತೆ.

ಅಪ್ಪನ ಕುತ್ತಿಗೆಯ ನರ ಉಬ್ಬಿದ್ದು ಸೊಸೆಗೆ ಕಂಡಿತು. ಆದರೆ ಮಾತು ಮೆತ್ತಗೇ ಬಂತು. “ಅಮ್ಮಾ, ನಾನು ದೇವರಲ್ಲ. ತಕ್ಕಡಿ ಮೇಲೆ ಒಂದೆರಡು ಸಲ ಬೆರಳಿಟ್ಟಿರಬಹುದು, ಇಲ್ಲ ಅನ್ನಲ್ಲ. ಮಗಳ ಮನೆ ವಸ್ತು ಮೇಲೆ ಬೆರಳಿಟ್ಟಿಲ್ಲ.”

“ತಪ್ಪು ಒಪ್ಕೊಂಡ್ರಲ್ಲ, ಸಾಕು. ಕೇಳಿಸ್ಕೊಂಡ್ರಾ ಎಲ್ರೂ?” ಅತ್ತೆ ಓಣಿಯ ಕಡೆಗೇ ಮುಖ ಮಾಡಿ ಕೇಳಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. “ತಿಂಗಳು ತುಂಬೋದರೊಳಗೆ ಪೆಟ್ಟಿಗೆ ಆ ಗೂಡಿಗೆ ಬರಬೇಕು. ಇಲ್ಲಾಂದ್ರೆ ನೀನು ನಿಮ್ಮಪ್ಪನ ಸೈಕಲ್ ಹತ್ತಬೇಕು. ಕಳ್ಳಿ ಬೇಯಿಸಿದ್ದನ್ನ ನಾನು ತಿನ್ನಲ್ಲ.”

ಸೊಸೆ ಕುಕ್ಕರುಗಾಲಲ್ಲಿ ಕೂತು ಅಪ್ಪನ ಜೊತೆ ಒಂದೊಂದೇ ತಿರುಪು ಆರಿಸಿ ಚೀಲಕ್ಕೆ ಹಾಕಿದಳು. “ಬಂದ್ಬಿಡು ಮಗಾ,” ಎಂದ ಅಪ್ಪ ಪಿಸುಮಾತಿನಲ್ಲಿ. “ಈಗ ಬಂದ್ರೆ ಕದ್ದೇ ಹೋದೆ ಅಂತಾರಪ್ಪಾ,” ಎಂದಳು. ಒಳಗಿನ ಕೋಣೆಯಲ್ಲಿ ಗಂಡ ಕೆಮ್ಮಿದ ಹಾಗಾಯಿತು. ಹೊರಗೆ ಬರಲಿಲ್ಲ.

ಅಂದಿನಿಂದ ಅತ್ತೆ ತನ್ನ ಅನ್ನವನ್ನು ತಾನೇ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳತೊಡಗಿದಳು. ಒಂದೇ ಒಲೆ, ಎರಡು ಪಾತ್ರೆ. ಮಿಕ್ಕವರಿಗೆ ಸೊಸೆ ಬಡಿಸುವಳು. ಮಾವ ಅವಳ ಕೈಯ ಊಟವನ್ನು ತಿಂಗಳೆಲ್ಲ ತಟ್ಟೆ ಒರೆಸಿ ಉಂಡ.

ಆ ಮನೆಯಲ್ಲಿ ಜೋರಾಗಿ ಮಾತಾಡುವವನೆಂದರೆ ಕಿವಿ ಒಬ್ಬನೇ. ಕೆಲಸದಿಂದ ಬಂದರೆ ಅವನ ಬಾಯಿಗೆ ಬ್ರೇಕಿಲ್ಲ. ಸಂಘದವರು ಪ್ರತಿ ದೋಣಿಗೂ ಮುಷ್ಟಿಯಷ್ಟು ದೊಡ್ಡ ಆರು ಕಿತ್ತಳೆ ಬಣ್ಣದ ಗುಂಡು ಹಂಚಿದ್ದರು. ಬಲೆಯ ಕೆಳಹಗ್ಗಕ್ಕೆ ಕಟ್ಟಬೇಕು. ನೀರೊಳಗೆ ಅವು ಸುಮ್ಮನಿರುತ್ತವೆ. ಎತ್ತುವ ದೋಣಿಯ ಯಂತ್ರ ಕರೆದರೆ ಮಾತ್ರ ಓಗೊಡುತ್ತವೆ. ಎಷ್ಟು ದೂರ, ಯಾವ ದಿಕ್ಕು ಎಂದು ಪರದೆಯ ಮೇಲೆ ಮೂಡುತ್ತದೆ. ಬಂದರಿನವರ ಬಾಯಲ್ಲಿ ಅದು ಕೂಗುಗುಂಡು. ವಾರಕ್ಕೊಮ್ಮೆ ಸಂಘದ ದೋಣಿ ಸುತ್ತು ಹಾಕಿ ಎಲ್ಲ ಗುಂಡುಗಳನ್ನೂ ಕರೆದು ನೋಡುತ್ತದೆ. ಓಗೊಡದಿದ್ದರೆ ಆ ಮನೆಗೆ ಡೀಸೆಲ್ ರಿಯಾಯಿತಿ ಇಲ್ಲ.

“ಅಪ್ಪಾ, ಒಂದು ವಿಚಿತ್ರ ಕೇಳು,” ಎಂದ ಕಿವಿ ಒಂದು ಸಂಜೆ, ಬಾಯಿ ತುಂಬ ಅನ್ನ ಇಟ್ಟುಕೊಂಡು. “ಎಲ್ಲರ ಗುಂಡೂ ಸಾಲಾಗಿ ಓಗೊಡ್ತವೆ, ಬಲೆ ಉದ್ದಕ್ಕೂ. ನಿಂದು ಆರೂ ಒಂದೇ ಕಡೆ ಕೂತು ಹರಟೆ ಹೊಡೀತಿವೆ. ಬಂದರಿನ ತಡೆಗೋಡೆ ಆಚೆ, ಎಲ್ಲರೂ ಬಲೆ ಹಾಕೋ ಜಾಗದಲ್ಲೇ.”

“ಪ್ರವಾಹಕ್ಕೆ ಬಲೆ ಮುದುರಿಕೊಂಡಿರುತ್ತೆ.”

“ಮೂರು ವಾರದಿಂದ ಮುದುರಿಕೊಂಡೇ ಇದೆಯಾ? ಆ ಮುದ್ದೆಗೆ ಇಷ್ಟು ಮೀನು ಹೇಗೆ ಬೀಳುತ್ತೆ?”

“ನಿನ್ನ ಯಂತ್ರ ಕಿವುಡು. ಉಣ್ಣು.”

ಕಿವಿ ನಕ್ಕ. ಗಂಡ ನಗಲಿಲ್ಲ. ನೀರಿನ ಲೋಟ ಎತ್ತುವಾಗ ಅವನ ಕೈ ತಟ್ಟೆಗೆ ತಗುಲಿ ಅನ್ನವೆಲ್ಲ ಒದ್ದೆಯಾಯಿತು.

ಮಾರನೆಯ ಬೆಳಿಗ್ಗೆ ಸೊಸೆ ತಾರಸಿಯ ಮೇಲೆ ಒಗೆದ ಬಟ್ಟೆ ಒಣಹಾಕುತ್ತಿದ್ದಳು. ಹಗ್ಗ ತುಂಬಿತು; ಒಂದು ದೊಡ್ಡ ಹೊದಿಕೆ ಉಳಿಯಿತು. ಅದನ್ನು ನೀರಿನ ತೊಟ್ಟಿಯ ಮೇಲೆ ಹರಡಿ ಕೆಳಗಿಳಿದಳು. ಮಾವ ಎಂದಿಗಿಂತ ಬೇಗ ದಡಕ್ಕೆ ಬಂದವನು ಚಪ್ಪಲಿ ಸಹ ಬಿಡದೆ ಮೆಟ್ಟಿಲು ಹತ್ತಿ ಆ ಹೊದಿಕೆಯನ್ನು ಕಿತ್ತು ಕೆಳಗೆಸೆದ.

“ತೊಟ್ಟಿ ಮೇಲೆ ಏನೂ ಹಾಕಬೇಡ ಅಂತ ಎಷ್ಟು ಸಲ ಹೇಳಬೇಕು ನಿನಗೆ?”

ಒಂದೂ ಸಲ ಹೇಳಿರಲಿಲ್ಲ. ಆದರೆ ಹೇಳದೆಯೂ ಆ ತೊಟ್ಟಿಯ ವಿಷಯದಲ್ಲಿ ಅವನಿಗೊಂದು ಹುಚ್ಚು ಇರುವುದು ಅವಳಿಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ಮಾವ ಕೆಂಪು ಬಣ್ಣದ ಡಬ್ಬಿ ತಂದು ಅವಳ ಮುಂದಿಡುತ್ತಿದ್ದ. ಸಮುದ್ರದ ಕಡೆಯ ಒಂದೇ ಮುಖಕ್ಕೆ ಬಳಿಯಬೇಕು, ಎರಡು ಸಲ. ಉಳಿದ ಮೂರು ಮುಖ ಪಾಚಿ ಹಿಡಿದು ಕಪ್ಪಾಗಿದ್ದರೂ ಕೇಳುವವರಿಲ್ಲ. ಅಂದು ಆ ಹೊದಿಕೆಯನ್ನು ಮತ್ತೆ ಒಗೆದು ಮೇಲೆ ತಂದಾಗ ಸೊಸೆ ಸ್ವಲ್ಪ ಹೊತ್ತು ನಿಂತಳು. ಓಣಿಯ ಹಿಂದೆ ಐಸ್ ಕಾರ್ಖಾನೆಯ ಚಿಮಣಿ. ಅದಕ್ಕೆ ಬೆನ್ನು ಕೊಟ್ಟು ತೊಟ್ಟಿಯ ನೆತ್ತಿಯ ಮೇಲಿಂದ ನೇರ ನೋಡಿದರೆ ಸಮುದ್ರ. ಬೆಳಿಗ್ಗೆ ಬಟ್ಟೆ ಹಾಕುವಾಗಲೆಲ್ಲ ಎಳ್ಳುಕಾಳಿನಷ್ಟು ಕಾಣುವ ಮಾವನ ದೋಣಿ, ಎಂದೂ ಬೇರೆ ಕಡೆ ಕಂಡದ್ದಿಲ್ಲ. ಸರಿಯಾಗಿ ತೊಟ್ಟಿಯ ನೆತ್ತಿಯ ಮೇಲೆ. ತಡೆಗೋಡೆ ಇರುವುದು ಬಲಗಡೆಗೆ, ಬಹಳ ಬಲಗಡೆಗೆ.

ಅವಳು ಏನನ್ನೂ ಯಾರಿಗೂ ಹೇಳಲಿಲ್ಲ. ಹೇಳಲು ಆ ಮನೆಯಲ್ಲಿ ಅವಳಿಗೆ ಬಾಯಿ ಎಲ್ಲಿ ಉಳಿದಿತ್ತು?

ನಾಲ್ಕನೆಯ ವಾರ ಗಾಳಿ ತಿರುಗಿತು. ಬುಧವಾರ ಮಾವ, ಗಂಡ ಇಬ್ಬರೂ ಬರಿಗೈಯಲ್ಲಿ ಬಂದರು. ಮೀನಿಲ್ಲ ಅಷ್ಟೇ ಅಲ್ಲ, ಬಲೆಯೇ ಇಲ್ಲ. ಹೊಸ ಬಲೆ. ಅತ್ತೆ ಸೊಸೆ ಎರಡು ತಿಂಗಳು ಎದುರುಬದುರು ಕೂತು, ಬೆಂಡು ಪೋಣಿಸಿ, ಸೀಸ ಕಟ್ಟಿ, ಬೆರಳು ಸೀಳಿಕೊಂಡು ಮಾಡಿದ್ದು. ಆಗಿನ್ನೂ ಅವರಿಬ್ಬರ ನಡುವೆ ಮಾತಿತ್ತು, ನಗುವೂ ಇತ್ತು.

“ತಳದಲ್ಲಿ ಏನಕ್ಕೋ ಸಿಕ್ಕೊಳ್ತು. ಎಳೆದ್ವಿ, ಮೇಲಿನ ಹಗ್ಗ ಕಿತ್ಕೊಂಡು ಬಂತು,” ಎಂದ ಗಂಡ.

ಕಿವಿ ಕುಣಿದೇಬಿಟ್ಟ. “ಅಯ್ಯೋ, ಅದಕ್ಕೆ ಯಾಕೆ ಮುಖ ಹೀಗೆ? ಇದಕ್ಕೇ ಅಲ್ವಾ ಗುಂಡು ಕಟ್ಟಿರೋದು! ನಿನ್ನೆ ತಾನೆ ಆರೂ ಓಗೊಟ್ಟಿವೆ. ನಾಳೆ ಬೆಳಿಗ್ಗೆ ನಾವೇ ಎತ್ತಿ ಕೊಡ್ತೀವಿ, ಪುಕ್ಕಟೆ.”

“ಬೇಡ,” ಎಂದ ಮಾವ.

“ಬೇಡ ಅಂದ್ರೆ?”

“ನಮ್ಮ ಬಲೆ ನಾವೇ ಎತ್ಕೊತೀವಿ. ನಿಮ್ಮ ದೋಣಿ ನಮ್ಮ ಹತ್ರ ಬರಬಾರದು.”

“ಅಪ್ಪಾ, ಆ ಬಲೆ ಅಲ್ಲಿ ಸುಮ್ನೆ ಮಲಗಿಲ್ಲ. ಹೇಳೋರಿಲ್ಲದೆ ಕೇಳೋರಿಲ್ಲದೆ ಹಿಡೀತಾನೇ ಇದೆ. ಸಿಕ್ಕಿದ್ದು ಕೊಳೆಯುತ್ತೆ, ಕೊಳೆತದ್ದನ್ನ ತಿನ್ನೋಕೆ ಬಂದದ್ದೂ ಸಿಕ್ಕೊಳ್ಳುತ್ತೆ. ನಾನು ದಿನಾ ನೋಡ್ತೀನಿ. ವರ್ಷಗಟ್ಲೆ ನಡೆಯುತ್ತೆ ಅದು.”

“ನೀನು ನನಗೆ ಸಮುದ್ರ ಹೇಳಿಕೊಡ್ತೀಯಾ?”

“ಸಮುದ್ರ ನೀನು ಹೇಳ್ಕೊಡು, ನಿನ್ನ ಕಾಲಿಗೆ ಬೀಳ್ತೀನಿ. ನನಗೆ ಬೇಕಾಗಿರೋದು ಬಲೆ.”

“ಬೇಡ ಅಂದ್ರೆ ಬೇಡ!”

ಗುರುವಾರದಿಂದ ಮಾವ, ಗಂಡ ಇಬ್ಬರೂ ಪಾತಾಳಗರಡಿ ತೆಗೆದುಕೊಂಡು ಹೊರಟರು. ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಸಮುದ್ರದ ತಳಕ್ಕೆ ಇಳಿಬಿಟ್ಟು, ದೋಣಿಯಿಂದ ಎಳೆಯುತ್ತ ಬಲೆಗಾಗಿ ತಡಕುವುದು. ಕೊಕ್ಕೆ ಬಲೆಗೇ ಸಿಗಬೇಕೆಂದಿಲ್ಲ. ಬಂಡೆಗೆ ಸಿಕ್ಕಿದರೆ ದೋಣಿಯ ಮೂತಿಯೇ ನೀರಿಗೆ ಬಾಗುತ್ತದೆ. ಶನಿವಾರ ಗಂಡನ ಎರಡೂ ಅಂಗೈ ಸುಲಿದು ಹೋಗಿದ್ದವು. ಅನ್ನ ಕಲಸಲಾಗದೆ ಚಮಚ ಕೇಳಿದ. ಸೊಸೆ ಚಮಚ ಕೊಟ್ಟು, ಅಂಗೈಗೆ ಬಟ್ಟೆ ಸುತ್ತಿದಳು.

“ತಮ್ಮನ ದೋಣಿ ಪುಕ್ಕಟೆ ಎತ್ತುತ್ತೆ ಅಂದ್ರೂ ಯಾಕೆ ಹೀಗೆ ಸಾಯ್ತೀರಿ?”

“ನಿನಗೆ ಗೊತ್ತಾಗಲ್ಲ.”

“ಹೇಳಿದ್ರೆ ಗೊತ್ತಾಗುತ್ತೆ.”

ಅವನು ಅವಳನ್ನು ನೋಡಿದ. ಚಮಚ ಎತ್ತಿ ಉಣ್ಣತೊಡಗಿದ.

ಅಣ್ಣನ ಅಂಗೈ ನೋಡಿ ಕಿವಿಗೆ ತಡೆಯಲಾಗಲಿಲ್ಲ. ಸೋಮವಾರ ಅಪ್ಪನಿಗೂ ಅಣ್ಣನಿಗೂ ಹೇಳದೆ ಸಂಘದ ಪುಸ್ತಕದಲ್ಲಿ ತಾನೇ ಬಲೆ ಕಳೆದದ್ದನ್ನು ಬರೆಸಿ, ತಾಯಿಗೂ ಅತ್ತಿಗೆಗೂ ಮಾತ್ರ ಹೇಳಿ ಹೋದ: “ಹನ್ನೊಂದು ಗಂಟೆಗೆ ದಕ್ಕೆಗೆ ಬನ್ನಿ. ಬಲೆ ಹೊರೋಕೆ ಕೈ ಬೇಕು.”

ಅತ್ತೆ ಮುಂದೆ, ಸೊಸೆ ನಾಲ್ಕು ಹೆಜ್ಜೆ ಹಿಂದೆ. ದೋಣಿಗಳು ಬಂದು ತಾಗುವ ದಕ್ಕೆಯಲ್ಲಿ ಆಗಲೇ ಜನ ಸೇರಿದ್ದರು. ಯಂತ್ರದ ಆಟ ನೋಡುವುದೆಂದರೆ ಎಲ್ಲರಿಗೂ ಹಬ್ಬ. ವಿಷಯ ಹೇಗೋ ತಿಳಿದು ಮಾವ, ಗಂಡ ಇಬ್ಬರೂ ಅರ್ಧ ದಾರಿಯಿಂದ ದೋಣಿ ತಿರುಗಿಸಿ ಬಂದಿದ್ದರು. ಮಾವನ ಮುಖ ಸುಣ್ಣದ ಗೋಡೆ.

ಎತ್ತುವ ದೋಣಿ ದಕ್ಕೆಗೆ ತಾಗಿತು. ಹಿಂಬದಿಯಲ್ಲಿ ಬಲೆಯ ರಾಶಿ ಇರಬೇಕಾದ ಕಡೆ ಬಟಾಬಯಲು. ಕಿವಿ ಒಂದು ಬಕೆಟ್ಟು ಹಿಡಿದು ಇಳಿದ. ಬೆಳಿಗ್ಗೆ ಪೀಪಿ ಊದಿಕೊಂಡು ಹೋದವನ ಹಾಗಿದ್ದವನು ಈಗ ಹೆಣ ಹೊತ್ತವನ ಹಾಗಿದ್ದ. ಬಕೆಟ್ಟಿನ ಅಂಚಿನಿಂದ ಆರು ಕಿತ್ತಳೆ ಗುಂಡುಗಳು ಹಣ್ಣಿನ ಗೊಂಚಲಿನ ಹಾಗೆ ಜೋತುಬಿದ್ದಿದ್ದವು. ಗುಂಡುಗಳ ಹಗ್ಗ ಒಂದು ಮರದ ಹಿಡಿಗೆ ಬಿಗಿದಿತ್ತು. ಹಿಡಿಯ ಕೆಳಗೆ ಹಸಿರುಗಟ್ಟಿದ ಹಿತ್ತಾಳೆ. ಕೆಸರಿನೊಳಗಿಂದ ಹುಂಜವೊಂದು ತಲೆ ಎತ್ತಿ ನೋಡುತ್ತಿತ್ತು.

ದೋಣಿಯ ಚಾಲಕ ಬಾಯಿ ಮುಚ್ಚಿಕೊಂಡಿರುವ ಜಾತಿಯಲ್ಲ. “ಗುಟ್ಟಪ್ಪನೋರೇ! ಬಲೆ ಎತ್ತಿ, ಒಗೆದು, ಇಸ್ತ್ರಿ ಮಾಡಿ ಕೊಡೋಣ ಅಂತಿದ್ವಿ. ಇಸ್ತ್ರಿಪೆಟ್ಟಿಗೆ ನೀವೇ ಮುಂಚೆ ಕಳಿಸಿಬಿಟ್ಟಿದ್ರಲ್ಲ!”

ದಕ್ಕೆ ನಕ್ಕಿತು. ಸಂಘದ ಗುಮಾಸ್ತ ನಗಲಿಲ್ಲ. “ಯಜಮಾನರೇ, ಗುಂಡು ಇಲ್ಲಿದೆ. ಬಲೆ ಎಲ್ಲಿ?”

“ನೆನಪಿಲ್ಲ,” ಎಂದ ಮಾವ.

ಸೊಸೆಗೆ ಎಲ್ಲ ಒಂದೇ ಸಲಕ್ಕೆ ಹೊಳೆಯಿತು; ಹೊಳೆಯಲು ಅಂಥ ಬುದ್ಧಿಯೇನೂ ಬೇಕಿರಲಿಲ್ಲ. ಗುಂಡು ಬಲೆಗೆ ಕಟ್ಟಿದರೆ ಮೀನಿನ ಜಾಗ ಊರಿಗೇ ತಿಳಿಯುತ್ತದೆ ಎಂದು ಮುದುಕನಿಗೆ ಭಯ. ಕಟ್ಟದಿದ್ದರೆ ಡೀಸೆಲ್ ರಿಯಾಯಿತಿ ಹೋಗುತ್ತದೆ. ಅದಕ್ಕೆ ಆರೂ ಗುಂಡುಗಳನ್ನು ಬಿಚ್ಚಿ, ಎಲ್ಲರೂ ಬಲೆ ಹಾಕುವ ಕಡೆ ಮುಳುಗಿಸಿ, ತಾನು ತನ್ನ ಜಾಗಕ್ಕೆ ಹೋಗುತ್ತಿದ್ದ. ಕಲ್ಲಿಗೆ ಕಟ್ಟಿದರೆ ಹಗ್ಗ ಜಾರುತ್ತದೆ, ಕಲ್ಲು ಉರುಳುತ್ತದೆ. ಹಿಡಿ ಇರುವ, ಚಪ್ಪಟೆ ತಳದ, ಕೆಸರಿನಲ್ಲಿ ನೆಟ್ಟಗೆ ಕೂರುವ ಭಾರದ ವಸ್ತು ಮನೆಯಲ್ಲಿ ಒಂದೇ ಒಂದು ಇತ್ತು.

ಅತ್ತೆ ಬಕೆಟ್ಟಿಗೆ ಕೈ ಹಾಕಿ ಪೆಟ್ಟಿಗೆಯನ್ನು ಎತ್ತಿಕೊಂಡಳು. ಚಿಲಕ ತೆಗೆದು ಮುಚ್ಚಳ ಎತ್ತಿದರೆ ಕೆಂಡ ತುಂಬುವ ಕಡೆ ಕಪ್ಪು ಕೆಸರು. ಕೆಸರಿನಿಂದ ಒಂದು ಸಣ್ಣ ಏಡಿ ಹೊರಬಂದು ಅವಳ ಮಣಿಕಟ್ಟಿನ ಮೇಲೆ ಹರಿದು ಕೆಳಗೆ ಬಿತ್ತು. ಸೆರಗಿನಿಂದ ಹುಂಜದ ಮುಖ ಒರೆಸಿದಳು. ಸೊಸೆ ಕಾದಳು.

“ಸಿಕ್ತಲ್ಲ,” ಎಂದಳು ಅತ್ತೆ, ಸೊಸೆಯ ಕಡೆ ನೋಡದೆ. “ಸಿಕ್ತಲ್ಲ, ಬಿಡು. ನಡಿ ಮನೆಗೆ.”

ಬಿಡು ಅಂತೆ. ಮೂರು ವಾರ ಎರಡು ಪಾತ್ರೆ ಕುದಿದದ್ದನ್ನು, ಅಪ್ಪ ಹೊಸಿಲ ಮೇಲೆ ಚೀಲ ಸುರಿದದ್ದನ್ನು, ಬಿಡು ಎಂಬ ಎರಡು ಅಕ್ಷರದಲ್ಲಿ ಕಟ್ಟಿ ಸಮುದ್ರಕ್ಕೆ ಹಾಕಿದಳು.

ಸೊಸೆ ಗಂಡನ ಹತ್ತಿರ ಹೋದಳು. ಅವನ ಅಂಗೈಯ ಬಟ್ಟೆಯಲ್ಲಿ ರಕ್ತ ಒಸರಿತ್ತು.

“ನಿಮಗೆ ಗೊತ್ತಿತ್ತಾ?”

“ಅಪ್ಪ ಯಾರಿಗೂ ಹೇಳಬೇಡ ಅಂದಿದ್ರು.”

“ನಾನು ಯಾರಾ?”

ಅವನು ಅಂಗೈಯ ಬಟ್ಟೆ ಬಿಗಿ ಮಾಡಿಕೊಂಡ.

“ಹಿಡಿಗೆ ಹಗ್ಗ ಬಿಗಿದೋರು ಯಾರು?”

“ನಾನೇ.”

“ನಮ್ಮಪ್ಪ ಹೊಸಿಲ ಮೇಲೆ ಚೀಲ ಸುರಿದಾಗ ನೀವೆಲ್ಲಿದ್ರಿ?”

“ಒಳಗೇ ಇದ್ದೆ.”

ಕೇಳುವುದು ಮತ್ತೇನೂ ಉಳಿಯಲಿಲ್ಲ.

ಅಂದು ಸಂಜೆ ಆ ಮನೆಯಲ್ಲಿ ಮತ್ತೆ ಒಂದೇ ಪಾತ್ರೆಯಲ್ಲಿ ಅನ್ನ ಬೆಂದಿತು, ಅತ್ತೆಯೇ ಬೇಯಿಸಿದಳು. ಬಡಿಸುತ್ತ ಬಡಿಸುತ್ತ ಮಾವನ ಮೇಲೆ ಹರಿಹಾಯ್ದಳು.

“ನನ್ನ ತಾಯಿ ಪೆಟ್ಟಿಗೇನ ಕೆಸರಿಗೆ ಹಾಕಿ, ನನ್ನ ಬಾಯಲ್ಲಿ ಅವಳಿಗೆ ಕಳ್ಳಿ ಅನ್ನಿಸಿ, ಎದುರಿಗೇ ಕೂತು ಹೇಗೆ ಉಂಡ್ರಿ ನೀವು? ಗಂಟಲಲ್ಲಿ ಇಳೀತಾ?”

“ಮೊದಲ ಸುತ್ತು ಮುಗಿದ ಮೇಲೆ ವಾಪಸ್ ತಂದಿಡೋಣ ಅಂದ್ಕೊಂಡೆ. ನೀನು ಅಷ್ಟರಲ್ಲಿ ಊರು ತಲೆಮೇಲೆ ಹೊತ್ತೆ. ಆಮೇಲೆ ಹೇಗೆ ಹೇಳೋದು? ಅಪ್ಪನ ಕಾಲದ ಜಾಗ ಅದು. ಅಪ್ಪ ಕೊನೇ ಉಸಿರಲ್ಲಿ ನನ್ನೊಬ್ಬನಿಗೇ ಹೇಳಿದ್ದು.”

“ಬಲೆ ಹೋಯ್ತು, ಈಗಲಾದ್ರೂ ಹೇಳಪ್ಪಾ,” ಎಂದ ಕಿವಿ. “ನಾಳೆ ನಾನು ಯಾವ ಮುಖ ಇಟ್ಕೊಂಡು ದೋಣಿ ಹತ್ತಲಿ? ನಮ್ಮಲ್ಲಿ ತಳ ನೋಡೋ ಸೋನಾರ್ ಇದೆ. ಗುಂಡಿಲ್ಲದಿದ್ರೂ ಬಲೆ ಕಾಣುತ್ತೆ. ಆದ್ರೆ ಇಡೀ ಸಮುದ್ರ ಜಾಲಾಡೋಕೆ ಆಗಲ್ಲ. ಒಂದು ಗೆರೆ ಕೊಡು ಸಾಕು. ಆ ಗೆರೆ ಮೇಲೆ ಹೋಗ್ತೀನಿ.”

“ನಿನಗೆ ಹೇಳೋದೂ ಒಂದೇ, ಮೈಕಿನಲ್ಲಿ ಕೂಗೋದೂ ಒಂದೇ. ನಾಳೆ ನಾನೂ ದೊಡ್ಡೋನೂ ಹೋಗ್ತೀವಿ. ಸಿಗೋವರೆಗೂ ಎಳೀತೀವಿ.”

‘ದೊಡ್ಡೋನು’ ಚಮಚದಲ್ಲಿ ಉಣ್ಣುತ್ತಿದ್ದ. ಬೇಡ ಎಂದು ಅವನೂ ಅನ್ನಲಿಲ್ಲ.

ಸೊಸೆ ಕೈಯಲ್ಲಿದ್ದ ನೀರಿನ ಚೆಂಬನ್ನು ನೆಲಕ್ಕಿಟ್ಟಳು. “ಕಿವಿ, ಇಲ್ಲಿ ಕೇಳಪ್ಪ. ನಮ್ಮ ತಾರಸಿ ತೊಟ್ಟಿ ಇದೆಯಲ್ಲ, ಕೆಂಪು ಮುಖದ್ದು…”

ಮಾವನ ತುತ್ತು ಅರ್ಧದಲ್ಲೇ ನಿಂತಿತು. “ಏಯ್!”

“ಸಮುದ್ರದಿಂದ ನೋಡಿದ್ರೆ ಆ ತೊಟ್ಟಿ ಐಸ್ ಕಾರ್ಖಾನೆ ಚಿಮಣೀನ ತಲೆ ಮೇಲೆ ಹೊತ್ತ ಹಾಗೆ ಕಾಣಬೇಕು. ಹಾಗೆ ಕಾಣೋ ಗೆರೆ ಹಿಡಿದು ನೇರ ಹೊರಗೆ ಹೋಗು. ಎಲ್ಲಿವರೆಗೆ ಅಂತ ಗೊತ್ತಿಲ್ಲ. ಇಲ್ಲಿಂದ ದೋಣಿ ಎಳ್ಳುಕಾಳಷ್ಟು ಕಾಣುತ್ತೆ, ಅಲ್ಲಿವರ್ಗೆ.”

“ಯಾರು ಹೇಳಿದ್ದು ಇವಳಿಗೆ?” ಮಾವ ಎದ್ದು ನಿಂತ. ದೊಡ್ಡ ಮಗನ ಕಡೆ ತಿರುಗಿದ. “ನೀನು ಹೇಳಿದ್ಯಾ?”

“ಅವರು ಹೇಳೋರಾ ಮಾವ?” ಎಂದಳು ಸೊಸೆ. “ಹೇಳೋ ಹಾಗಿದ್ರೆ ಬೇರೆ ಏನೋ ಹೇಳಿರ್ತಿದ್ರು. ಆ ತೊಟ್ಟಿಗೆ ಎರಡು ವರ್ಷದಿಂದ ಬಣ್ಣ ಬಳಿದೋಳು ನಾನು. ದಿನಾ ಬೆಳಿಗ್ಗೆ ಅಲ್ಲಿ ಬಟ್ಟೆ ಒಣಗಿಸೋಳೂ ನಾನೇ.”

“ಅದು ಈ ಮನೆ ಗುಟ್ಟು! ಮೂರು ತಲೆಮಾರಿನ ಗುಟ್ಟು!”

“ಹೌದು. ಕಳ್ಳಿ ಅಂತ ಹೆಸರು ಕೊಟ್ರಲ್ಲ ನೀವೆಲ್ಲ. ಇರ್ಲಿ, ಸುಳ್ಳಾಗೋದು ಬೇಡ. ಈ ಮನೆಯಿಂದ ನಾನು ಕದ್ದದ್ದು ಇದೊಂದು.”

ಮಾವ ತಟ್ಟೆಯಲ್ಲೇ ಕೈ ತೊಳೆದು ಹೊರಗೆ ಹೋದ. ಗಂಡ ಎದ್ದು ಅಪ್ಪನ ಹಿಂದೆ ಬಾಗಿಲವರೆಗೆ ಹೋಗಿ ಅಲ್ಲೇ ನಿಂತ; ಆಚೆಗೂ ಇಲ್ಲ, ಈಚೆಗೂ ಇಲ್ಲ. ಕಿವಿ ಉಣ್ಣುತ್ತಲೇ ಇದ್ದ. ಉಣ್ಣುತ್ತ ಕಣ್ಣು ಒರೆಸಿಕೊಂಡ.

ಎರಡನೆಯ ದಿನ ಬಲೆ ಸಿಕ್ಕಿತು. ಆ ಗೆರೆಯ ಮೇಲೆ, ಎಂದೋ ಮುಳುಗಿದ ಹಡಗಿನ ಪಕ್ಕೆಲುಬುಗಳಿಗೆ ಸುತ್ತಿಕೊಂಡು. ಸೋನಾರಿನ ಪರದೆಯಲ್ಲಿ ಜೇಡನ ಮನೆ ಹಾಗೆ ಕಾಣಿಸಿತು ಎಂದ ಕಿವಿ. ದಕ್ಕೆಗೆ ತಂದು ಸುರಿದಾಗ ಜನ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅರ್ಧ ಕೊಳೆತ ಮೀನು, ಬರೀ ಎಲುಬಾದ ಮೀನು, ರೆಕ್ಕೆ ಹರಡಿಕೊಂಡೇ ಸತ್ತ ಎರಡು ನೀರುಕಾಗೆ, ನಡುವೆ ಒಂದು ಆಮೆ. ಸೊಸೆ ಕಟ್ಟಿದ ಗಂಟುಗಳು ಒಂದೂ ಬಿಚ್ಚಿರಲಿಲ್ಲ. ಬಲೆ ಮಾತ್ರ ಸೀಳಿ ಸೀಳಿ, ಹೊಲಿಯುವ ಸ್ಥಿತಿಯಲ್ಲಿ ಉಳಿದಿರಲಿಲ್ಲ.

ಮೂರನೆಯ ದಿನದ ಹೊತ್ತಿಗೆ ಹಡಗಿನ ಜಾಗದಲ್ಲಿ ಹನ್ನೊಂದು ದೋಣಿ ನಿಂತಿದ್ದವು. ಮಾವನ ಭಯ ಸುಳ್ಳಾಗಲಿಲ್ಲ, ಅಷ್ಟು ಮಾತ್ರ ಅವನ ಪಾಲಿಗೆ ನ್ಯಾಯ. ಅವನು ಸೊಸೆಯ ಜೊತೆ ಮಾತು ಬಿಟ್ಟ. ಗಂಡ ದೋಣಿಯಲ್ಲೇ ಮಲಗತೊಡಗಿದ, ಸೊಸೆ ಕರೆಯಲಿಲ್ಲ.

ಕೆಟ್ಟ ಬಲೆಗೆ ಒಂದೇ ದಾರಿ, ಗುಜರಿ. ತಿಂಗಳು ತುಂಬಿದ ದಿನ ಸೊಸೆಯ ಅಪ್ಪ ಬಂದ. ಈ ಸಲ ತಳ್ಳುಗಾಡಿ, ಗಾಡಿಯಲ್ಲಿ ತೂಗುಹಾಕುವ ಮುಳ್ಳಿನ ತಕ್ಕಡಿ. ಅದೇ ಹೊಸಿಲ ಮುಂದೆ ಮೂರು ಕಾಲಿನ ಕಬ್ಬಿಣ ನಿಲ್ಲಿಸಿ ತಕ್ಕಡಿ ನೇತುಹಾಕಿದ. ಅದೇ ಬಾಗಿಲುಗಳಲ್ಲಿ ಅದೇ ತಲೆಗಳು ಮೂಡಿದವು. ಅಪ್ಪ ಒಂದು ಕಡೆ, ಮಗಳು ಒಂದು ಕಡೆ ಹಿಡಿದು ಬಲೆಯ ಮೂಟೆಯನ್ನು ಕೊಕ್ಕೆಗೆ ಸಿಕ್ಕಿಸಿದರು. ಮುಳ್ಳು ಓಡಿತು, ತೂಗಾಡಿತು, ನಿಂತಿತು.

ಅಪ್ಪ ತಕ್ಕಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಮೇಲೆತ್ತಿದ. ಹತ್ತು ಬೆರಳು, ಎಲ್ಲರಿಗೂ ಕಾಣುವ ಹಾಗೆ.

“ಬೀಗಿತ್ತಿಯವರೇ, ಬಂದು ಮುಳ್ಳು ನೋಡಿ.”

ಅತ್ತೆ ಬಾಗಿಲ ಮರೆಯಲ್ಲೇ ನಿಂತಿದ್ದಳು. “ನಾನ್ಯಾಕೆ ನೋಡಬೇಕು? ನೀವು ಹೇಳಿದ್ದೇ ಸರಿ.”

“ಹಾಗಲ್ಲ. ನೋಡಿ ಹೇಳಿ.”

“ನಂಬಿಕೆ ಇದೆ ಅಂದ್ನಲ್ಲ.”

“ನಂಬಿಕೆ ಬೇಡ ಅಮ್ಮಾ. ಮುಳ್ಳು ನೋಡಿ.”

ಅಪ್ಪನ ಎತ್ತಿದ ಕೈ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮೊಣಕೈ ನಡುಗತೊಡಗಿತು. ಅತ್ತೆ ಹೊಸಿಲು ದಾಟಿ ಬಂದಳು. ಬಗ್ಗಿ, ಕಣ್ಣು ಕಿರಿದು ಮಾಡಿ, ಮುಳ್ಳು ನೋಡಿದಳು.

“ನಲವತ್ತೊಂದು,” ಎಂದಳು. ಆಮೇಲೆ, ಸಣ್ಣಗೆ: “ಸರಿಯಾಗಿದೆ.”

“ಇನ್ನೊಂದು ಸಲ ಹೇಳಿ ಅತ್ತೆ,” ಎಂದಳು ಸೊಸೆ. “ಆವತ್ತು ಎಷ್ಟು ಜೋರಾಗಿ ಹೇಳಿದ್ರೋ, ಅಷ್ಟು ಜೋರಾಗಿ.”

ಅತ್ತೆ ಸೊಸೆಯ ಮುಖ ನೋಡಿದಳು. ನಾಲ್ಕು ವಾರದಲ್ಲಿ ಮೊದಲ ಸಲ ನೇರ ನೋಡಿದಳು. ಆಮೇಲೆ ಓಣಿಯ ಕಡೆ ತಿರುಗಿದಳು.

“ಸರಿಯಾಗಿದೆ!” ಎಂದು ಕೂಗಿದಳು. “ಇವಳ ಅಪ್ಪನ ತೂಕ ಸರಿಯಾಗಿದೆ. ಇವಳು ಏನೂ ತಗೊಂಡಿರಲಿಲ್ಲ. ಕೇಳಿಸ್ಕೊಂಡ್ರಾ ಎಲ್ರೂ?”

ಆಗ ಅಪ್ಪ ಕೈ ಇಳಿಸಿದ.

“ಬರ್ತೀಯಾ ಮಗಾ?” ಎಂದು ಕೇಳಿದ, ಗಾಡಿಯ ಹಿಡಿ ಹಿಡಿದು.

ಸೊಸೆ ಹಿಂದಿರುಗಿ ಮನೆಯನ್ನು ನೋಡಿದಳು. ತಾರಸಿಯ ಮೇಲೆ ತೊಟ್ಟಿಯ ಕೆಂಪು ಬಿಸಿಲಿಗೆ ಎದ್ದು ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಈ ವರ್ಷ ಅದಕ್ಕೆ ಬಣ್ಣ ಬಳಿಯುವುದಿರಲಿಲ್ಲ.

“ಬರ್ತೀನಪ್ಪಾ,” ಎಂದಳು. “ಈಗ ಬಂದ್ರೆ ಯಾರೂ ಏನೂ ಅನ್ನಲ್ಲ.”

ಗಾಡಿಯ ಇನ್ನೊಂದು ಹಿಡಿಗೆ ಕೈ ಹಾಕಿದಳು. ಬಲೆ ಭಾರವಿತ್ತು, ವಾಸನೆ ಬರುತ್ತಿತ್ತು. ಇಬ್ಬರೂ ಸೇರಿ ತಳ್ಳಿದರು.